ಒಂದು ಡಜನ್ ಹುಳ

ಎಂಟೇ ಇದೆ, ಬೇಕಾದ್ರೆ ಇನ್ನೊಂದ್ಸಲ ಎಣಿಸು. ಜೇಡಕ್ಕೆ ಎಂಟು ಕಾಲು, ಇರುವೆಗೆ ಆರು. ಹೂಂ, ಹಾಗೆ ಬಾಕ್ಸ್ ತಿರುಗಿಸ್ಬೇಡ, ಕಪ್‌ಕೇಕ್ ಮೇಲಿನ ಕ್ರೀಮು ಇನ್ನೂ ಹಸಿ ಇದೆ... ಯಾಕೆ ನಗ್ತೀಯಾ? ಕಂಬಳಿಹುಳದ ಮುಖ ನೋಡಿ ತಾನೇ? ನಗು, ನಗು! ಬೆಳಿಗ್ಗೆಯಿಂದ ಅದು ನನ್ನನ್ನೇ ದುರುಗುಟ್ಕೊಂಡು ನೋಡ್ತಾ ಇದೆ. ಹುಬ್ಬು ಬರೆಯುವಾಗ ಕೈ ಒಂಚೂರು ಜಾರಿತು ನೋಡು, ನಮ್ಮ ಹಳೇ ಹೆಡ್‌ಮಾಸ್ಟರೇ ಬಂದು ಕೂತ ಹಾಗಾಗಿದೆ.

ಕೂತ್ಕೋ ಅಮ್ಮಾ. ಹದಿನೈದು ನಿಮಿಷ ಆಗ್ಲೇಬೇಕು. ಈಗ್ಲೇ ಮುಚ್ಚಳ ಹಾಕಿದ್ರೆ ಬಸವನಹುಳದ ಚಿಪ್ಪು ಅಪ್ಪಚ್ಚಿ. ಪಾರ್ಟಿ ಐದಕ್ಕೆ ಅಂದಿದ್ಯಲ್ಲ, ಈಗಿನ್ನೂ ಮೂರೂವರೆ. ಅಯ್ಯೋ, ಆ ಸ್ಟೂಲ್ ಬೇಡ, ಅದಕ್ಕೊಂದು ಕಾಲು ಗಿಡ್ಡ! ಕುರ್ಚಿ ಮೇಲಿನ ಬಟ್ಟೆ ಆಕಡೆ ಹಾಕಿ ಕೂರು. ಈ ಮನೇಲಿ ಕುರ್ಚಿ ಮೇಲೆ ಮನುಷ್ಯರು ಅಂತ ಕೂತು ಎಷ್ಟು ಕಾಲ ಆಯ್ತೋ. ಬರೋರೆಲ್ಲ ಬಾಗಿಲಲ್ಲೇ ಬಾಕ್ಸ್ ಇಸ್ಕೊಂಡು ಹೋಗ್ತಾರೆ. ಒಳಗೆ ಬನ್ನಿ ಅಂದ್ರೆ, ಇಲ್ಲ ಇಲ್ಲ, ಗಾಡಿ ಸ್ಟಾರ್ಟ್‌ನಲ್ಲೇ ಇದೆ ಅಂತಾರೆ. ಹಾಗಾಗಿ ನಾನು ಓವನ್ ಹತ್ರ ಮಾತಾಡ್ತೀನಿ. ಅದು ವಾಸಿ, ಕೊನೇಗೆ ಟಿಣ್ ಅಂತಾದ್ರೂ ಹೂಂಗುಡುತ್ತೆ.

ನಿಜ ಹೇಳ್ಲಾ? ಇದೊಂದು ಬಾಕ್ಸ್ ಸುಸೂತ್ರವಾಗಿ ಆ ಮನೆ ಸೇರಿಬಿಟ್ರೆ ಸಾಕು ನಂಗೆ. ಆ ಮಗು ಒಂದು, ಒಂದೇ ಒಂದು ತಿಂದುಬಿಟ್ರೆ... ಏನು ಹಾಗೆ ನೋಡ್ತೀಯಾ? ಎಲ್ಲ ಆರ್ಡರ್‌ಗೂ ಹೀಗೇ ಹೇಳ್ತೀನಪ್ಪ. ಕೈಯಿಂದ ಮಾಡಿದೋಳಿಗೆ ಆಸೆ ಇರಲ್ವಾ?

ಏಳು ವರ್ಷದ ಹುಡುಗಿ ಬರ್ತ್‌ಡೇಗೆ ಹುಳಹುಪ್ಪಟೆ ಬೇಕು ಅಂತ ನೀನು ಫೋನಲ್ಲಿ ಅಂದಾಗ, ಯಾರೋ ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಬೇರೆ ಮಕ್ಕಳು ರಾಜಕುಮಾರಿ ಅಂತವೆ, ಕುದುರೆ ಅಂತವೆ. ಇವಳಿಗೆ ಜೇಡ, ಜೀರುಂಡೆ, ಮಿಡತೆ! ಏನಂದೆ? ಬೆಂಕಿಪೊಟ್ಟಣದಲ್ಲಿ ಜೀರುಂಡೆ ಸಾಕಿದಾಳಾ? ನಿನ್ನ ದಿಂಬಿನ ಕೆಳಗೆ ಇಟ್ಟಿದ್ಲಾ? ಅಯ್ಯಪ್ಪಾ! ಮದುವೆಯಾಗಿ ಮೂರು ತಿಂಗಳಿಗೆ ಭಾವನ ಮಗಳಿಂದ ಒಳ್ಳೇ ಉಡುಗೊರೆ ಸಿಕ್ತು ಬಿಡು ಹೊಸ ಚಿಕ್ಕಮ್ಮಂಗೆ! ...ರಾತ್ರಿ ನಿನ್ನ ಪಕ್ಕಾನೇ ಬಂದು ಮಲಗ್ತಾಳಾ? ಕಾಲು ಮೇಲೆ ಹಾಕ್ಕೊಂಡು? ಹೂಂ. ಪುಣ್ಯ ಮಾಡಿದ್ದೀಯ ಕಣಮ್ಮ. ನಿಜವಾಗ್ಲೂ ಪುಣ್ಯ ಮಾಡಿದ್ದೀಯ.

ಇಲ್ಲಪ್ಪ, ಕಣ್ಣಿಗೆ ಸಕ್ಕರೆ ಪುಡಿ ಹೋಯ್ತು ಅಷ್ಟೇ.

ಬಾ, ಈ ಜೇನ್ನೊಣ ನೋಡು ಹತ್ರದಿಂದ. ರೆಕ್ಕೆ ನೋಡು, ಬೆಳಕು ಆಚೆ ಕಾಣುತ್ತೆ. ಬೇರೆಯವರಾದ್ರೆ ಬಾದಾಮಿ ಸೀಳಿ ಎರಡು ಕಡೆ ಚುಚ್ಚಿಬಿಡ್ತಾರೆ, ಎರಡು ನಿಮಿಷದ ಕೆಲಸ. ನಾನು ಸಕ್ಕರೆ ಪಾಕ ಎಳೆದು ಒಂದೊಂದೇ ಮಾಡಿದೆ. ಇಪ್ಪತ್ತರಲ್ಲಿ ಎಂಟು ಉಳೀತು, ಮಿಕ್ಕಿದ್ದೆಲ್ಲ ಕೈಯಲ್ಲೇ ಪಟಪಟ ಮುರೀತು. ಬೆರಳೆಲ್ಲ ಬೊಬ್ಬೆ. ಏನು ಮಾಡೋದು, ಬಾದಾಮಿ ಗೋಡಂಬಿ ಆ ಮಗೂಗೆ ಆಗೋದಿಲ್ಲವಲ್ಲ, ಅದಕ್ಕೇ...

ಹಾಂ? ನೀನೇ ಹೇಳಿದ್ದೆ. ಫೋನಲ್ಲಿ ಹೇಳಿದ್ಯಲ್ಲ... ಹೇಳ್ಲಿಲ್ವಾ? ಹೇಳೋದು ಮರೆತುಹೋಗಿ, ಈಗ ಅದನ್ನ ಕೇಳೋಣ ಅಂತಾನೇ ಬೇಗ ಬಂದ್ಯಾ? ಓಹೋ... ಹಾಗಾದ್ರೆ ಬೇರೆ ಯಾರದೋ ಆರ್ಡರ್ ಇರ್ಬೇಕು, ಕಲಸಿಬಿಟ್ಟೆ. ಈಗಿನ ಮಕ್ಕಳಿಗೆ ಒಂದಕ್ಕೆ ಹಾಲು ಆಗಲ್ಲ, ಒಂದಕ್ಕೆ ಮೊಟ್ಟೆ ಆಗಲ್ಲ, ಯಾರ್ಯಾರದ್ದು ಅಂತ ನೆನಪಿಡೋದು? ಒಳ್ಳೇದೇ ಆಯ್ತಲ್ಲ, ಹಾಕಿಲ್ವಲ್ಲ! ಟೀ ಕುಡೀತೀಯಾ? ಒಂದು ಚೂರು? ಬೇಡ್ವಾ?

ಬಾಕ್ಸ್ ಮೇಲೆ ಅಂಗಡಿ ಹೆಸರು ಯಾಕಿಲ್ಲ ಅಂದ್ರೆ... ಸ್ಟಿಕ್ಕರ್ ಖಾಲಿ. ಯಾವುದು? ಅದಾ... ಅದು ಹಳೇ ಸುರುಳಿ, ಅಂಟೋದಿಲ್ಲ. ಮನೆಗೆ ತಂದುಕೊಡಲ್ಲ ಅಂದಿದ್ದಕ್ಕೂ ನಿಂಗೆ ಈಗ ಅನುಮಾನಾನಾ? ಮಂಡಿ ನೋವಮ್ಮ, ಎಲ್ಲಿಗೂ ಹೋಗಲ್ಲ ನಾನು. ಹೌದು, ಹೊರಗೆ ನಿಂತಿರೋ ಸ್ಕೂಟರ್ ನಂದೇ. ಇದ್ರೇನಂತೆ? ಸ್ಕೂಟರ್ ಇದ್ದೋರಿಗೆ ಮಂಡಿ ಇರಲ್ವಾ?

ಮಾತಾಡು. ಈಗ ತಾನೇ ನಗ್ತಾ ಇದ್ದೆ.

ಫ್ರಿಜ್ ಮೇಲೆ ಏನು ನೋಡ್ತೀಯಾ? ಹಳೇ ಫೋಟೋ ಅದು, ಬಣ್ಣ ಹೋಗಿದೆ. ಹಲ್ಲು ಬಿದ್ದಿರೋಳು ನಾನು. ಎರಡು ಜಡೆಯೋಳು ನನ್ನ ತಂಗಿ. ದೂರದೂರಲ್ಲಿ ಇದ್ದಾಳೆ. ಬಹಳ ದೂರ. ಏಯ್, ಅದನ್ನ ಯಾಕೆ ಕೈಗೆ ತಗೊಂಡೆ? ಆ ಗಲ್ಲದ ಗುಳಿ ಎಷ್ಟೋ ಜನಕ್ಕಿರುತ್ತೆ... ಇಡು ಅಲ್ಲಿ. ಇಡಮ್ಮ, ಪ್ಲೀಸ್.

...

ಗೊತ್ತಾಯ್ತಲ್ಲ. ಆಗ್ಲಿ ಬಿಡು. ನಿನ್ನ ಓರಗಿತ್ತಿ ನನ್ನ ಒಡಹುಟ್ಟಿದೋಳು. ಆ ಹುಳದ ಹುಚ್ಚಿಗೆ ನಾನು ದೊಡ್ಡಮ್ಮ. ದೂರಾನೂ ಅಲ್ಲ, ಏನೂ ಅಲ್ಲ, ಇಲ್ಲಿಂದ ಎರಡು ಬಸ್ ಸ್ಟಾಪು. ಮನೇಲಿ ನನ್ನ ಸುದ್ದಿ ಎತ್ತೇ ಇಲ್ವಾ? ಒಂದ್ಸಲಾನೂ? ಮಗೂಗೆ ಡಾಕ್ಟರ್ ಕೊಟ್ಟ ಪಟ್ಟಿ ಹೇಳಿದಾರೆ, ನನ್ನ ಬಗ್ಗೆ ಹೇಳಿಲ್ಲ... ಹೋಗ್ಲಿ.

ಐದು ವರ್ಷ ಆಯ್ತು. ಅವಳ ಎರಡನೇ ಬರ್ತ್‌ಡೇ. ಆಗ್ಲೂ ಕಪ್‌ಕೇಕು ನಂದೇ, ಬಾತುಕೋಳಿ ಮಾಡಿದ್ದೆ, ಹಳದಿ ಬಾತುಕೋಳಿ. ಬೆಳಿಗ್ಗೆ ಬೇರೆ ಯಾರದೋ ಆರ್ಡರ್‌ಗೆ ಗೋಡಂಬಿ ಪುಡಿ ಮಾಡಿದ್ದೆ. ಅದೇ ಜಾರ್‌ನಲ್ಲಿ ಆಮೇಲೆ ಇದಕ್ಕೆ ಸಕ್ಕರೆ ಪುಡಿ ಮಾಡಿದೆ. ತೊಳೆದಿದ್ದೆ! ಸೋಪು ಹಾಕಿ, ಬಿಸಿನೀರು ಹಾಕಿ ಉಜ್ಜಿದ್ದೆ. ಆದ್ರೆ ಬ್ಲೇಡ್ ಕೆಳಗಿರೋ ರಬ್ಬರ್ ರಿಂಗ್ ಬಿಚ್ಚಿರ್ಲಿಲ್ಲ. ಅದರ ಸಂದೀಲಿ ಎಷ್ಟು ನಿಂತಿರುತ್ತೆ ಹೇಳು, ಉಗುರು ತುದಿಯಷ್ಟು. ಅಷ್ಟಕ್ಕೇ ಮಗು ತುಟಿ ಊದಿಕೊಂಡ್ತು. ಉಸಿರು ಎಳೆಯೋಕೆ ಆಗ್ದೆ ಬಾಯಿ ಬಾಯಿ ಬಿಡ್ತು... ಎರಡು ದಿನ ಆಸ್ಪತ್ರೆ. ಉಳ್ಕೊಂಡ್ತು. ಮೂರನೇ ದಿನ ತಂಗಿ ವಾರ್ಡಿನ ಹೊರಗೆ ನಿಂತು, ನಿನ್ನ ಕೈಯಿಂದ ಒಂದು ಲೋಟ ನೀರೂ ನನ್ನ ಮಗೂಗೆ ಬೇಡ ಅಂದ್ಲು. ನಾನು ಅವಳ ಕಾಲು ಹಿಡಿಯೋದೊಂದು ಬಾಕಿ. ಮರೆತುಹೋಯ್ತು ಕಣೇ, ರಿಂಗ್ ಮರೆತೇಹೋಯ್ತು ಅಂತ ಅತ್ತೆ. ಅವತ್ತು ಮುಚ್ಚಿದ ಬಾಗಿಲು ಇವತ್ತಿಗೂ ತೆಗೆದಿಲ್ಲ ಅವಳು.

ನೀನು ವಿಳಾಸ ಹೇಳಿದ್ಯಲ್ಲ ಫೋನಲ್ಲಿ, ಬರ್ಕೊಳ್ತಾ ಬರ್ಕೊಳ್ತಾ ನನ್ನ ಪೆನ್ನು ನಿಂತೇಹೋಯ್ತು. ದೇವರೇ ಕಣ್ಣುಬಿಟ್ಟ ಅಂದ್ಕೊಂಡೆ. ಹನ್ನೊಂದು ದಿನದಿಂದ ಈ ಅಡುಗೆಮನೆಗೆ ಒಂದು ಗೋಡಂಬಿ ಬಂದಿಲ್ಲ. ಮಿಕ್ಸಿ ಹೊಸದು, ಜರಡಿ ಹೊಸದು, ಒರೆಸೋ ಬಟ್ಟೆ ಕೂಡ ಹೊಸದು. ಶೆಲ್ಫೆಲ್ಲ ಮೂರು ಮೂರು ಸಲ ಉಜ್ಜಿದೀನಿ. ಏನೂ ಆಗಲ್ಲಮ್ಮ. ಯಾರು ಮಾಡಿದ್ದು ಅಂತ ನೀನು ಹೇಳ್ದೆ ಇದ್ರೆ ಮುಗೀತು. ಮಗು ತಿನ್ನುತ್ತೆ, ನಂಗೆ ಗೊತ್ತಿರುತ್ತೆ. ಅಷ್ಟೇ ಸಾಕು ನಂಗೆ.

ಏನಾದ್ರೂ ಹೇಳು. ಮರೆವು ಯಾರಿಗಿಲ್ಲ? ನಿಮ್ಮತ್ತೆ ಒಲೆ ಮೇಲೆ ಹಾಲಿಟ್ಟು ಮರೆಯಲ್ವಾ? ನೀನು ನಂಗೆ ಗೋಡಂಬಿ ವಿಷಯ ಹೇಳೋದೇ ಮರೆತಿದ್ದೆ, ಮರೆತಿದ್ಯೋ ಇಲ್ವೋ? ಹಾಗೇ ನಾನೂ...

ಹಾಗೆ ನೋಡ್ಬೇಡಮ್ಮ. ಸುಮ್ನೆ ಕೂತು ಹಾಗೆ ನೋಡ್ಬೇಡ. ಅವಳಾದ್ರೂ ಕೂಗಾಡಿದ್ಲು. ಕೂಗಾಡಿದ್ರೆ ತಿರುಗಿಸಿ ಸುಳ್ಳು ಹೇಳೋಕೆ ಬರುತ್ತೆ.

ಮರೆತಿರ್ಲಿಲ್ಲ.

ಕ್ರೀಮು ಹಾಕ್ತಾ ಇರುವಾಗ್ಲೇ ರಿಂಗ್ ನೆನಪಾಯ್ತು. ಇನ್ನೊಂದ್ಸಲ ಮಾಡೋಕೆ ಹೊತ್ತಿರ್ಲಿಲ್ಲ... ಇಲ್ಲ. ಇತ್ತು, ಹೊತ್ತಿತ್ತು. ನಂಗೆ ಕೋಪ. ಅದು ತಿನ್ನಿಸ್ಬೇಡ, ಇದು ಮುಟ್ಟಿಸ್ಬೇಡ ಅಂತ ನಂಗೇ ಪಾಠ ಹೇಳ್ತಾಳಲ್ಲ, ನಾನು ಎತ್ತಿ ಆಡಿಸಿದೋಳು ನಂಗೇ ಹೇಳ್ತಾಳಲ್ಲ ಅಂತ. ಇವಳದ್ದು ಅತಿ ಆಯ್ತು, ಅಷ್ಟಕ್ಕೆಲ್ಲ ಏನಾಗಿಬಿಡುತ್ತೆ, ನೋಡೇಬಿಡೋಣ ಅಂದ್ಕೊಂಡೆ. ಆಮೇಲೆ ಇವಳಿಗೇ ತೋರಿಸ್ಬೇಕು, ನೋಡಿದ್ಯಾ ಏನೂ ಆಗ್ಲಿಲ್ಲ ಅಂತ. ನಾನೇ, ಈ ಕೈಯಾರೆ, ಮಗು ಬಾಯಿಗಿಟ್ಟೆ. ಚಪ್ಪಾಳೆ ತಟ್ಕೊಂಡು ತಿಂತು.

ಎದ್ದ್ಯಾ? ಬಾಕ್ಸ್... ಹೂಂ. ಬಿಡು, ಅಲ್ಲೇ ಇರ್ಲಿ. ನಿನ್ನ ಜಾಗದಲ್ಲಿ ನಾನಿದ್ರೂ ತಗೊಂಡು ಹೋಗ್ತಿರ್ಲಿಲ್ಲ. ಬಸ್ ಸ್ಟ್ಯಾಂಡ್ ಎದುರಿಗೆ ಒಂದು ದೊಡ್ಡ ಬೇಕರಿ ಇದೆ. ಬಾಕ್ಸ್ ಮೇಲೆ ಏನೇನು ಹಾಕಿದಾರೆ ಅಂತ ಬರೆದಿರ್ತಾರೆ, ಓದಿ ತಗೋ, ಸುಮ್ನೆ ಅವರ ಮಾತು ನಂಬ್ಬೇಡ. ಇನ್ನೂ ಹೊತ್ತಿದೆ. ಚಪ್ಪಲಿ ಬಾಗಿಲ ಹಿಂದಿದೆ.

ಅವಳಿಗೆ ಹೇಳ್ತೀಯಾ? ಹೇಳು. ಮರೆತಿದ್ದಲ್ಲ ಅಂತಾನೇ ಹೇಳು, ನನ್ನ ಕೈಲಂತೂ ಆಗ್ಲಿಲ್ಲ.

ಒಂದು ನಿಮಿಷ ಅಮ್ಮಾ... ಹೀಗೆ ಮಾತೇ ಆಡ್ದೆ ಹೋಗ್ಬೇಡ. ಬಾಯಿಗೆ ಬಂದ ಹಾಗೆ ಬೈದಾದ್ರೂ ಹೋಗು.