ಕದ್ದರೇ ಚಿಗುರುವ ಮರುಗ

ಬಂಗಾರಪೇಟೆಯಲ್ಲಿ ಊರಿಗಾಂ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು. ಹಿರಿಯಾಕೆಯ ಕಾಲಬಳಿ ಸೇವಂತಿಗೆ ಹೂವಿನ ಬುಟ್ಟಿ.

“ನೀವು ಕೊಟ್ಟ ಮರುಗದ ಸಸಿ ಒಣಗೋಯ್ತು, ಕನಕಕ್ಕಾ.”

“ಇನ್ನೊಂದು ಕೊಡ್ತೀನಿ ಬಾ, ರತ್ನಮ್ಮ.”

“ಕೊಟ್ರೆ ಬರಲ್ಲಕ್ಕಾ, ಕದ್ರೇನೇ ಚಿಗುರೋದು. ನಾಳೆ ನಮ್ಮನೆಯವ್ರು ಗಣಿಗೋದ ಮೇಲೆ ಕದಿಯಾಕೆ ಬತ್ತೀನಿ. ಮನೇಲಿರ್ತೀರಾ?”

“ಇರ್ತೀನಿ. ಕಾಪಿ ಕುಡ್ದು ಕದ್ಕೊಂಡೋಗು. ನಾಯೀನೂ ಕಟ್ಟಾಕಿರ್ತೀನಿ.”

“ಸೇವಂತಿಗೇಲೂ ಎರಡು ಸಸಿ ಕದೀಲಾ?”

“ಅದು ಬ್ಯಾಡ.”

“ಯಾಕಕ್ಕಾ?”

“ನಿಮ್ಮ ಹಿತ್ತಲಿಂದ ನಾನು ತಂದಿದ್ದೇ ಅದು.”

“ಅಯ್ಯೋ! ಕದ್ದೋರಿಗೆ ಬೀದೀಗೆಲ್ಲಾ ಕೇಳೋಂಗೆ ಶಾಪ ಹಾಕಿದ್ನಲ್ಲಾ!”

“ಕೇಳಿಸ್ತು. ನೀನು ಬೈದ ಮೇಲೇನೇ ಗಿಡ ತುಂಬಾ ಮೊಗ್ಗು ಬಂದಿದ್ದು.”

ಬಸ್ಸು ಬಂತು. ಬುಟ್ಟಿ ಭಾರವಾಗಿತ್ತು. ಹತ್ತಿಸಲು ರತ್ನಮ್ಮನೇ ಒಂದು ಕಡೆ ಹಿಡಿದಳು.