ದಾರಿಯಲ್ಲೇ ಬಿಚ್ಚಿಕೊಳ್ಳುವ ಹೊದಿಕೆ

ಚಿಕ್ಕಂದಿನಲ್ಲಿ ಉಯ್ಯಾಲೆ ಆಡಿ ಇಳಿದರೆ ಅಂಗೈಗೆಲ್ಲ ಸರಪಳಿಯ ಕಬ್ಬಿಣದ ವಾಸನೆ ಅಂಟಿರುತ್ತಿತ್ತು. ಕ್ಯಾನ್ಸರ್ ವಾರ್ಡಿನ ಹೊರಗೆ ಕೂತಿದ್ದ ಅಜ್ಜಿಗೆ ಅದು ನೆನಪಾದದ್ದು ಪಕ್ಕದಲ್ಲಿ ಕೂತಿದ್ದ ಟೈಲರಮ್ಮನ ಮಾತಿನಿಂದ.

"ಏನು ತಿಂದ್ರೂ ಬಾಯೆಲ್ಲ ಕಬ್ಬಿಣ ಕಣೇ. ಬೆರಳಿಗೆ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ."

"ಪ್ಲಾಟಿನಂ ಔಷಧಿ ಅತ್ತೆ. ಗಡ್ಡೆ ಯಾವುದು, ಬೆರಳು ಯಾವುದು ಅಂತ ಅದಕ್ಕೆ ತಿಳಿಯಲ್ಲ," ಎಂದಳು ಟೈಲರಮ್ಮನ ಅಣ್ಣನ ಮಗಳು, ಆ ಬೆರಳುಗಳನ್ನೇ ಮೆಲ್ಲಗೆ ಒತ್ತುತ್ತ.

"ಕೊರಳಲ್ಲಿ ಒಂದೆಳೆ ಚಿನ್ನ ಇಲ್ಲ, ರಕ್ತದಲ್ಲಿ ಪ್ಲಾಟಿನಂ! ನಿಮ್ಮ ಲ್ಯಾಬಲ್ಲಿ ಹೊಸದು ಮಾಡ್ತಿದ್ರಲ್ಲ, ಏನಾಯ್ತು?"

"ಅದೇ ಲೋಹಕ್ಕೆ ಹೊದಿಕೆ ಹಾಕಿದ್ದೀವಿ. ಗಡ್ಡೆಯೊಳಗೆ ಹೋದ ಮೇಲೆ ಬಿಚ್ಚಿಕೊಳ್ಬೇಕು. ದಾರೀಲೇ ಬಿಚ್ಚಿಕೊಳ್ತಿದೆ."

"ಹೊಲಿಗೆ ಸರಿಯಿಲ್ಲ ಅನ್ನು."

"ಹೂಂ."

"ಸರಿಮಾಡು. ಅಲ್ಲೀವರೆಗೂ ಇದು ಬೇಡ, ಕಾಯ್ತೀನಿ. ಬೆರಳೇ ಹೋದ್ರೆ ಹೊಟ್ಟೆಪಾಡೇನು?"

ಹುಡುಗಿ ಬೆರಳು ಒತ್ತುವುದನ್ನು ನಿಲ್ಲಿಸಿದಳು.

"ಕಾಯಬೇಡಿ ಅತ್ತೆ. ನಮ್ಮದು ಇನ್ನೂ ಇಲಿಗೂ ಕೊಟ್ಟಿಲ್ಲ. ನಿಮ್ಮ ಗಡ್ಡೆ ಅಷ್ಟು ದಿನ ಸುಮ್ಮನಿರಲ್ಲ."

ನರ್ಸ್ ಬಾಗಿಲಲ್ಲಿ ನಿಂತು ಕರೆದರು. ಟೈಲರಮ್ಮ ನಿಟ್ಟುಸಿರು ಬಿಟ್ಟು ಎದ್ದರು. ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಹುಡುಗಿಯ ಮಡಿಲಲ್ಲಿಟ್ಟು, ಒಳಗೆ ಹೋದರು.