ಅಳಿಸದೆ ಕೊಟ್ಟ ಲ್ಯಾಪ್‌ಟಾಪ್

ಹೆಸರು, ವಿಳಾಸ: ಮಗುವಿನ ಸುಳಿವು ಹೊರಬೀಳಬಾರದೆಂದು ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ವಯಸ್ಸು: 47. ಉದ್ಯೋಗ: ಕಂಪ್ಯೂಟರ್ ರಿಪೇರಿ, ಸ್ವಂತ ಅಂಗಡಿ.

ನಾನು ಈ ಮೂಲಕ ತಿಳಿಸುವುದೇನೆಂದರೆ, ಆರು ವರ್ಷಗಳಿಂದ ಜನರು ಕೊಟ್ಟ ಹಳೇ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ, ಸಾಕುಮನೆಗಳಲ್ಲಿರುವ ಮಕ್ಕಳ ಓದಿಗೆ ಇಂಟರ್ನೆಟ್ ಡಾಂಗಲ್ ಸಮೇತ ಕೊಡುತ್ತಿದ್ದೇನೆ. ಹೆತ್ತವರ ಹತ್ತಿರ ಬಿಡುವುದು ಅಪಾಯವೆಂದು ಮಕ್ಕಳ ರಕ್ಷಣಾ ಇಲಾಖೆಯವರು ಬೇರೆಯವರ ಮನೆಯಲ್ಲಿ ಇರಿಸಿರುವ ಮಕ್ಕಳಿವು. ಯಾರ ಮಗುವೆಂದು ನನಗೆ ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ನನ್ನ ಕೆಲಸವೇ ಹಲ್ಲು ನೋಡುವುದು. ಬಂದದ್ದನ್ನೆಲ್ಲ ಪೂರ್ತಿ ಅಳಿಸಿ, ಹೊಸದಾಗಿ ತುಂಬಿಯೇ ಕೊಡುತ್ತೇನೆ. ಒಂದನ್ನು ಬಿಟ್ಟು.

3ನೇ ತಾರೀಕು ಶನಿವಾರ ಬೆಳಿಗ್ಗೆ 11.10ಕ್ಕೆ ಸುಮಾರು ನಲವತ್ತರ ಗಂಡಸೊಬ್ಬರು ಒಂದು ಲ್ಯಾಪ್‌ಟಾಪ್ ತಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಮಗಳದ್ದೆಂದು ಹೇಳಿ ಕಣ್ಣೊರೆಸಿಕೊಂಡರು. ಮಗು ತೀರಿಕೊಂಡಿರಬೇಕೆಂದು ನಾನೇ ಅಂದುಕೊಂಡೆ, ಬಾಯಿಬಿಟ್ಟು ಕೇಳಲಿಲ್ಲ. ಒಂಬತ್ತು ವರ್ಷದ ಹುಡುಗಿಗೇ ಕೊಡಿ ಅಕ್ಕಾ, ನಾಲ್ಕನೇ ಕ್ಲಾಸಿನ ಪಾಠವೆಲ್ಲ ಇದರಲ್ಲಿದೆ, ಅಳಿಸಬೇಡಿ ಅಂದರು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದೆ. ನನ್ನ ಪಟ್ಟಿಯಲ್ಲಿ ಒಂಬತ್ತು ವರ್ಷದ ಹುಡುಗಿ ಇದ್ದದ್ದು ಒಬ್ಬಳೇ.

ಮರುದಿನ ಸಂಜೆ 5ಕ್ಕೆ ಅವಳ ಸಾಕುತಾಯಿಯ ಮನೆಗೆ ಒಯ್ದುಕೊಟ್ಟೆ. ಆಕೆ ಟೈಲರ್. ಹುಡುಗಿ ಮುಚ್ಚಳದ ಮೂಲೆಯಲ್ಲಿ ಸ್ಟಿಕ್ಕರ್ ಕಿತ್ತ ಜಾಗವನ್ನು ಬೆರಳಿನಿಂದ ಸವರಿ, ಇದನ್ನು ಯಾರು ಕೊಟ್ಟರು ಎಂದು ಕೇಳಿದಳು. ಒಳ್ಳೆಯವರೊಬ್ಬರು ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಖುಷಿಗೆ ಮೂಕಳಾಗಿದ್ದಾಳೆ ಎಂದು ನಾವಿಬ್ಬರೂ ನಕ್ಕೆವು.

ಈ ದಿನ 14ನೇ ತಾರೀಕು ಬುಧವಾರ ಮಧ್ಯಾಹ್ನ 3.50ಕ್ಕೆ ಅದೇ ವ್ಯಕ್ತಿ ಅಂಗಡಿಗೆ ಬಂದು ಒಂದು ಹೊಸ ಮೌಸ್ ಕೌಂಟರ್ ಮೇಲಿಟ್ಟರು. ಮಗು ಚೆನ್ನಾಗಿ ಓದ್ತಾ ಇದೆಯಾ ಎಂದು ಕೇಳಿ, ಹೊಲಿಗೆ ಮೆಷಿನ್ ಪಕ್ಕ ಕೂರಿಸಬೇಡಿ ಅನ್ನಿ, ಆ ಗಲಾಟೆಯಲ್ಲಿ ಓದೋಕಾಗಲ್ಲ ಅಂದರು. ಹೊಲಿಗೆ ಮೆಷಿನ್ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಅವರು ಬಾಗಿಲು ದಾಟಿದ ಕೂಡಲೇ ಅಂಗಡಿಗೆ ಬೀಗ ಹಾಕಿದೆ.

ಸ್ಕೂಟರಿನಲ್ಲಿ 2 ಕಿ.ಮೀ. ಹೋಗಿ 4.02ಕ್ಕೆ ಆ ಮನೆ ಮುಟ್ಟಿದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಕ್ಯಾಮೆರಾ ಮುಚ್ಚುವಂತೆ ಮುಚ್ಚಳಕ್ಕೆ ನಾಲ್ಕು ಪದರ ಬಟ್ಟೆ ಸುತ್ತಿ ಗುಂಡುಸೂಜಿ ಚುಚ್ಚಿತ್ತು. ಬಟ್ಟೆ ಎತ್ತಿದರೆ ಹಸಿರು ದೀಪ ಉರಿಯುತ್ತಿತ್ತು. ಹುಡುಕಿದಾಗ, ದೂರದಿಂದಲೇ ಕ್ಯಾಮೆರಾ ತೆರೆಯುವ, ಲ್ಯಾಪ್‌ಟಾಪ್ ಎಲ್ಲಿದೆಯೆಂದು ತೋರಿಸುವ ತಂತ್ರಾಂಶ ಪಾಠಗಳ ನಡುವೆ ಸಿಕ್ಕಿತು. ಇಂಟರ್ನೆಟ್ ಕೊಟ್ಟವಳು ನಾನೇ. ಡಾಂಗಲ್ ಕಿತ್ತು 4.20ಕ್ಕೆ ಠಾಣೆಗೆ ಫೋನ್ ಮಾಡಿದೆ.

ಇದು ತನ್ನದೇ ಲ್ಯಾಪ್‌ಟಾಪ್, ತಂದವರು ಅಪ್ಪ ಎಂದು ಮೊದಲ ದಿನವೇ ಗೊತ್ತಾಯಿತೆಂದೂ ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿದ್ದು ತಾನೇ ಎಂದೂ ಹುಡುಗಿ ತಿಳಿಸಿದಳು. ಯಾಕೆ ಹೇಳಲಿಲ್ಲ ಪುಟ್ಟಿ ಎಂದು ಸಾಕುತಾಯಿ ಕೇಳಿದ್ದಕ್ಕೆ, ಹೇಳಿದ್ರೆ ಈ ಮನೆಯಿಂದಾನೂ ಕಳಿಸಿಬಿಡ್ತಾರಲ್ಲಮ್ಮ ಅಂದಳು. ಇದು ಅವಳ ಮೂರನೇ ಮನೆ.

4.35ಕ್ಕೆ ಮುಂಬಾಗಿಲ ಬೆಲ್ ಒಂದೇ ಸಲ ಹೊಡೆಯಿತು. ನಾವು ತೆರೆಯಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಬೂಟುಗಳ ನೆರಳು ಹನ್ನೊಂದು ನಿಮಿಷ ನಿಂತಿತ್ತು. ಹುಡುಗಿ ಹೊಲಿಗೆ ಮೆಷಿನ್ ಕೆಳಗೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಪೊಲೀಸರು 4.50ಕ್ಕೆ ಬಂದಾಗ ಹೊರಗೆ ಯಾರೂ ಇರಲಿಲ್ಲ. ಆ ವ್ಯಕ್ತಿ ಇನ್ನೂ ಸಿಕ್ಕಿಲ್ಲ.

6.10ಕ್ಕೆ ಇಲಾಖೆಯವರು ಹುಡುಗಿಯನ್ನು ಬೇರೆ ಮನೆಗೆ ಕರೆದೊಯ್ದರು. ಅವಳು ಹೆದರಿದ್ದಂತೆಯೇ ಆಯಿತು, ಅದು ನನ್ನಿಂದ ಆಯಿತು. ವಿಳಾಸ ನನಗೆ ಹೇಳಬೇಡಿ ಎಂದು ನಾನೇ ಕೇಳಿಕೊಂಡೆ. ಕಾರು ಹತ್ತುವ ಮುಂಚೆ ಅವಳು ನನ್ನ ಹತ್ತಿರ ಬಂದು, ಆಂಟಿ, ಮುಂದಿನ ಸಲ ಅಳಿಸಿ ಕೊಡ್ತೀರಾ ಎಂದು ಕೇಳಿದಳು.

ಮೇಲಿನದೆಲ್ಲ ನಾನೇ ಕಂಡದ್ದು, ನಾನೇ ಮಾಡಿದ್ದು. ಓದಿಸಿ ಕೇಳಿದ್ದೇನೆ, ನಿಜವಿದೆ, ಏನನ್ನೂ ಅಳಿಸಿಲ್ಲ.

ಸ್ಥಳ: ಠಾಣೆ
ದಿನಾಂಕ: 14, ಬುಧವಾರ, ಸಂಜೆ 7.30
ಸಹಿ: (ಹಾಕಿದೆ)